ಕ್ಲಬ್ಬು ಯಾರದು? ವಿಂಬಲ್ಡನ್ನಿನ ಹತ್ತು ವರ್ಷ

ವಿಂಬಲ್ಡನ್ ಎಂದೊಡನೆ ನಮಗೆ ನೆನಪಾಗುವುದು ಟೆನಿಸ್. ನೈಋತ್ಯ ಲಂಡನ್ನಿನ ಆ ಊರಿಗೆ 1889ರಿಂದ ಒಂದು ಫುಟ್‌ಬಾಲ್ ಕ್ಲಬ್ಬೂ ಇತ್ತು. 2002ರ ಮೇ 28ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ನೇಮಿಸಿದ್ದ ಮೂವರ ಆಯೋಗವು, ಎರಡಕ್ಕೆ ಒಂದು ಮತದಿಂದ, ಆ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಪಟ್ಟಣಕ್ಕೆ ಸಾಗಿಸಲು ಮಾಲೀಕರಿಗೆ ಅನುಮತಿ ಕೊಟ್ಟಿತು. ಅಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ ನಡೆದದ್ದು ಆಟದ ಚರಿತ್ರೆಯಷ್ಟೇ ಆಗಿದ್ದರೆ ಅದನ್ನು ಕ್ರೀಡಾಪುಟಕ್ಕೆ ಬಿಟ್ಟುಬಿಡಬಹುದಿತ್ತು. ಆದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಕಾಗದದ ಮೇಲೆ ಒಬ್ಬನದಾಗಿರುವ, ಬದುಕಿನಲ್ಲಿ ಸಾವಿರಾರು ಜನರದಾಗಿರುವ ವಸ್ತು ನಿಜಕ್ಕೂ ಯಾರದು? ಅನ್ಯಾಯದಿಂದ ಹುಟ್ಟಿದ್ದನ್ನು ಆಮೇಲೆ ಬಂದವರು ಏನೂ ಅರಿಯದೆ ಪ್ರೀತಿಸತೊಡಗಿದರೆ, ಆ ಅನ್ಯಾಯದ ಗತಿ ಏನು?

ಹಿನ್ನೆಲೆ ಸ್ವಲ್ಪ ಬೇಕು. ವಿಂಬಲ್ಡನ್ ದೊಡ್ಡ ಕ್ಲಬ್ಬಲ್ಲ. ಹವ್ಯಾಸಿ ಆಟಗಾರರ ತಂಡವಾಗಿ ಶುರುವಾಗಿ, 1977ರಲ್ಲಿ ವೃತ್ತಿಪರ ಲೀಗಿಗೆ ಸೇರಿ, ಒಂಬತ್ತೇ ವರ್ಷಗಳಲ್ಲಿ ಮೊದಲ ದರ್ಜೆಗೆ ಏರಿತು. 1988ರ ಎಫ್‌ಎ ಕಪ್ ಫೈನಲ್‌ನಲ್ಲಿ ಅಂದಿನ ಬಲಾಢ್ಯ ಲಿವರ್‌ಪೂಲ್ ತಂಡವನ್ನು 1-0ರಿಂದ ಸೋಲಿಸಿತು. ಆದರೆ ಪ್ಲೌ ಲೇನ್ ಎಂಬ ಅದರ ಮೈದಾನ ಹಳೆಯದು, ಚಿಕ್ಕದು. ಹಿಲ್ಸ್‌ಬರೋ ದುರಂತದ ನಂತರ ದೊಡ್ಡ ಕ್ಲಬ್ಬುಗಳ ಮೈದಾನಗಳಲ್ಲಿ ಎಲ್ಲ ಪ್ರೇಕ್ಷಕರಿಗೂ ಆಸನ ಇರಬೇಕೆಂಬ ನಿಯಮ ಬಂದಾಗ, 1991ರಲ್ಲಿ ಕ್ಲಬ್ಬು ಪ್ಲೌ ಲೇನ್ ಬಿಟ್ಟು ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಮೈದಾನಕ್ಕೆ ಬಾಡಿಗೆಗೆ ಹೋಯಿತು. ಮನೆ ಕಳೆದುಕೊಂಡ ಕ್ಲಬ್ಬು ಕೈಯಿಂದ ಕೈಗೆ ಮಾರಾಟವಾಯಿತು, 2000ದಲ್ಲಿ ಮೇಲಿನ ದರ್ಜೆಯಿಂದ ಜಾರಿತು, ನಷ್ಟ ಬೆಳೆಯಿತು. ಮಿಲ್ಟನ್ ಕೀನ್ಸ್ 1967ರಲ್ಲಿ ಯೋಜಿಸಿದ ಹೊಸ ಪಟ್ಟಣ. ಅಲ್ಲಿ ಜನ ಇದ್ದರು, ಜಾಗ ಇತ್ತು. ವೃತ್ತಿಪರ ಕ್ಲಬ್ಬು ಇರಲಿಲ್ಲ. ಉಳಿಯಬೇಕಾದರೆ ಹೋಗಲೇಬೇಕು ಎಂಬುದು ಆಡಳಿತದವರ ವಾದ.

ಈ ವಾದವನ್ನು ಬರೀ ಲೋಭ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸಾಲದಲ್ಲಿ ಮುಳುಗಿದ ಸಂಸ್ಥೆಯನ್ನು ಮುಚ್ಚುವುದಕ್ಕಿಂತ ಸಾಗಿಸುವುದು ಮೇಲು ಎಂದು ಯಾರಾದರೂ ಪ್ರಾಮಾಣಿಕವಾಗಿಯೇ ನಂಬಬಹುದು. ವಾದದ ದೋಷ ಬೇರೆ ಕಡೆ ಇದೆ. ಸಾಗಿಸಿದ ಮೇಲೂ ಅದು ಅದೇ ಕ್ಲಬ್ಬಾಗಿ ಉಳಿಯುತ್ತದೆ ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ.

ಇಲ್ಲಿ ‘ಮಿಲಿಂದಪಞ್ಹ’ದ ರಥ ನೆನಪಾಗುತ್ತದೆ. ರಥದಲ್ಲಿ ಬಂದ ಗ್ರೀಕ್ ಅರಸ ಮಿಲಿಂದನನ್ನು ಭಿಕ್ಷು ನಾಗಸೇನ ಪ್ರಶ್ನಿಸುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಬಿಡಿಭಾಗಗಳ ಕೂಟಕ್ಕೆ ನಾವಿಟ್ಟ ಹೆಸರು ರಥ. ಇದೇ ಪ್ರಶ್ನೆಯನ್ನು ಕ್ಲಬ್ಬಿಗೂ ಕೇಳಬಹುದು. ಆಟಗಾರರು ಕ್ಲಬ್ಬೇ? ಅವರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಮಾಲೀಕರೇ? ಅವರೂ ಬದಲಾದರು. ಮೈದಾನವೇ? ಅದು ಹೋಗಿ ಹನ್ನೊಂದು ವರ್ಷವಾಗಿತ್ತು, ಆದರೂ ಕ್ಲಬ್ಬು ಇತ್ತು. ಲೀಗಿನಲ್ಲಿ ಆಡುವ ಪರವಾನಗಿಯೇ? ಕಾನೂನಿನ ಕಣ್ಣಿಗೆ ಹೌದು. ಸಾಗಿಸಲು ಸಾಧ್ಯವಾದದ್ದೂ ಅದೇ.

ಆದರೆ ನಾಗಸೇನನ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿದರೆ ಮಾಲೀಕನ ಕೈ ಮೇಲಾಗುತ್ತದೆ. ಕ್ಲಬ್ಬು ಬರೀ ಹೆಸರಾದರೆ ಹೆಸರನ್ನು ಕೊಂಡವನದೇ ಕ್ಲಬ್ಬು. ಹೆಸರು ನಿಲ್ಲುವುದು ಅದನ್ನು ಬಳಸುವವರ ನಡುವೆ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ‘ನಮ್ಮ ತಂಡ’ ಎಂದು ಪ್ರತಿ ಶನಿವಾರ ಕರೆಯುವವರು ಇಲ್ಲದಿದ್ದರೆ ಆ ಹೆಸರಿಗೆ ಹುರುಳಿಲ್ಲ.

ಇದನ್ನು ತತ್ತ್ವವಾಗಿ ಹೇಳುವುದು ಬೇರೆ, ಮಾಡಿ ತೋರಿಸುವುದು ಬೇರೆ. ಹೊಸದಾಗಿ ಕ್ಲಬ್ಬು ಕಟ್ಟುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ಪೂರಕವಲ್ಲ ಎಂಬರ್ಥದ ಮಾತು ಆಯೋಗದ ತೀರ್ಪಿನಲ್ಲಿತ್ತು. ಅಭಿಮಾನಿಗಳು ಅದನ್ನೇ ಮಾಡಿದರು. ತೀರ್ಪು ಬಂದ ಕೆಲವೇ ದಿನಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ಕ್ಲಬ್ಬು ಹುಟ್ಟಿತು. ಜೂನ್ ಕೊನೆಗೆ ವಿಂಬಲ್ಡನ್ ಕಾಮನ್ ಎಂಬ ಊರ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಯಿತು. ಬರಬಯಸುವವರು ಯಾರೂ ಬರಬಹುದಿತ್ತು. ಸುಮಾರು 230 ಜನ ಬಂದರು. ಜುಲೈ 10ರಂದು ಸಟನ್ ಯುನೈಟೆಡ್ ವಿರುದ್ಧ ಮೊದಲ ಸೌಹಾರ್ದ ಪಂದ್ಯ. ತಂಡ 4-0ಯಿಂದ ಸೋತಿತು. ನೋಡಲು ಬಂದಿದ್ದವರು 4,657 ಮಂದಿ. ಅಷ್ಟು ಕೆಳಗಿನ ಹಂತದಲ್ಲಿ, ಸೋಲುವ ತಂಡವೊಂದಕ್ಕೆ ಅಷ್ಟು ಜನ ಸೇರುವುದು ಆಟದ ಮೋಹವೊಂದರಿಂದಲೇ ಅಲ್ಲ. ಕ್ಲಬ್ಬು ಎಲ್ಲಿದೆ ಎಂಬ ಪ್ರಶ್ನೆಗೆ ಅವರು ಮೈದಾನಕ್ಕೆ ಬಂದು ಉತ್ತರ ಕೊಟ್ಟರು.

ಮಾಲೀಕತ್ವವನ್ನೂ ಅವರು ಬದಲಿಸಿದರು. ಹೊಸ ಕ್ಲಬ್ಬಿನ ಹಿಡಿತ ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘದ ಕೈಯಲ್ಲಿ. ಒಬ್ಬ ಸದಸ್ಯನಿಗೆ ಒಂದು ಮತ. ಇನ್ನೊಬ್ಬ ಮಾಲೀಕ ಬಂದು ಹೊತ್ತೊಯ್ಯದಂತೆ ಹಾಕಿದ ಬೀಗ ಇದು. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಸತತ 78 ಲೀಗ್ ಪಂದ್ಯಗಳಲ್ಲಿ ತಂಡ ಸೋಲಲಿಲ್ಲ. 2011ರ ಮೇ ತಿಂಗಳಲ್ಲಿ, ಮ್ಯಾಂಚೆಸ್ಟರಿನಲ್ಲಿ, ಲೂಟನ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಮತ್ತೆ ವೃತ್ತಿಪರ ಲೀಗಿಗೆ ಬಂತು. ಒಂಬತ್ತು ಋತುಗಳಲ್ಲಿ ಐದು ಬಡ್ತಿ.

ನಮ್ಮ ಶರಣರ ಚಿಂತನೆ ಸ್ಥಾವರ ಮತ್ತು ಜಂಗಮ ಎಂಬ ಎರಡು ಮಾತುಗಳನ್ನು ಕೊಟ್ಟಿದೆ. ನಿಂತದ್ದು ಒಂದು, ಚಲಿಸುವುದು ಇನ್ನೊಂದು. ಜೀವಂತಿಕೆ ಇರುವುದು ಚಲಿಸುವುದರಲ್ಲಿ. ವಿಂಬಲ್ಡನ್ನಿನಲ್ಲಿ ಈ ಜೋಡಿ ವಿಚಿತ್ರವಾಗಿ ತಿರುಗಿಕೊಳ್ಳುತ್ತದೆ. 90 ಕಿಲೋಮೀಟರ್ ಚಲಿಸಿದ್ದು ಪರವಾನಗಿ ಎಂಬ ಸ್ಥಾವರ. ಊರಿನಲ್ಲೇ ಉಳಿದ ಜನರೇ ಜಂಗಮವಾದರು.

ಕಥೆ ಇಲ್ಲಿಗೆ ಮುಗಿದರೆ ಅದು ಗೆದ್ದವರ ನೀತಿಕಥೆ. ಆದರೆ ಮಿಲ್ಟನ್ ಕೀನ್ಸ್‌ನಲ್ಲೂ ಜನರಿದ್ದಾರೆ. 2003ರ ಸೆಪ್ಟೆಂಬರಿನಲ್ಲಿ ಹಳೆಯ ಕ್ಲಬ್ಬು ಅಲ್ಲಿನ ಹಾಕಿ ಕ್ರೀಡಾಂಗಣಕ್ಕೆ ಬಂತು. 2004ರಲ್ಲಿ ‘ಮಿಲ್ಟನ್ ಕೀನ್ಸ್ ಡಾನ್ಸ್’ ಆಯಿತು. ‘ಡಾನ್ಸ್’ ಎಂಬುದು ವಿಂಬಲ್ಡನ್ನಿನವರ ಅಡ್ಡಹೆಸರು. ಅದೂ ಜೊತೆಗೆ ಹೋಯಿತು. ವಿಂಬಲ್ಡನ್ನಿನ ಅನೇಕರು ಇಂದಿಗೂ ಆ ತಂಡದ ಹೆಸರು ಹೇಳದೆ ‘ಫ್ರಾಂಚೈಸ್’ ಎನ್ನುತ್ತಾರೆ. ಆ ಕೋಪಕ್ಕೆ ಕಾರಣವಿದೆ. ಆದರೆ 2004ರಲ್ಲಿ ಆರು ವರ್ಷದವಳಾಗಿದ್ದು, ಅಪ್ಪನ ಕೈ ಹಿಡಿದು ತನ್ನ ಊರಿನ ತಂಡದ ಪಂದ್ಯ ನೋಡಲು ಹೋದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳು ಏನನ್ನು ಕದ್ದಳು? ಅವಳ ಪ್ರೀತಿ ವಿಂಬಲ್ಡನ್ನಿನವರ ಪ್ರೀತಿಗಿಂತ ಕಡಿಮೆಯದೆಂದು ಹೇಳುವ ಅಳತೆಗೋಲು ನಮ್ಮಲ್ಲಿಲ್ಲ. ಮೊದಲಿನವರ ಹಕ್ಕು ಪ್ರೀತಿಯ ಮೇಲೆ ನಿಂತಿದ್ದರೆ, ಇವಳ ಹಕ್ಕೂ ಅದರ ಮೇಲೆಯೇ ನಿಲ್ಲುತ್ತದೆ.

ಇನ್ನೊಂದು ತೊಡಕು ವಿಂಬಲ್ಡನ್ನಿನ ಕಡೆಯೇ ಇದೆ. ಹೊಸ ಕ್ಲಬ್ಬು ನೆಲೆಯೂರಿದ ಕಿಂಗ್ಸ್‌ಮೆಡೋ ಮೈದಾನ ಕಿಂಗ್‌ಸ್ಟೋನಿಯನ್ ಎಂಬ ಇನ್ನೊಂದು ಹಳೆಯ ಕ್ಲಬ್ಬಿನದಾಗಿತ್ತು. ಹಣಕಾಸಿನ ಬಿಕ್ಕಟ್ಟಿನಲ್ಲಿ ಅವರ ಮೈದಾನ ಬೇರೆಯವರ ಕೈ ಸೇರಿತ್ತು. ಆ ಹಕ್ಕನ್ನು 2003ರಲ್ಲಿ ವಿಂಬಲ್ಡನ್ನಿನ ಅಭಿಮಾನಿಗಳು ಹಣ ಕೂಡಿಸಿ ಕೊಂಡರು. ಕಿಂಗ್‌ಸ್ಟೋನಿಯನ್‌ರನ್ನು ಅವರು ಹೊರಹಾಕಲಿಲ್ಲ, ಬಾಡಿಗೆದಾರರಾಗಿ ಉಳಿಸಿಕೊಂಡರು. ಆದರೆ ಮುಂದೆ, ಪ್ಲೌ ಲೇನ್‌ಗೆ ಮರಳುವ ಕನಸಿಗೆ ಹಣ ಬೇಕಾದಾಗ, ಮೈದಾನವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿದರು. 2017ರಲ್ಲಿ ಕಿಂಗ್‌ಸ್ಟೋನಿಯನ್ ಮನೆಯಿಲ್ಲದ ಕ್ಲಬ್ಬಾಯಿತು. ಎರಡು ಪ್ರಕರಣಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಯಾರ ಹೆಸರೂ, ಚರಿತ್ರೆಯೂ ಹೋಗಲಿಲ್ಲ. ಆದರೂ ಅನ್ಯಾಯ ಉಂಡವರ ಮರಳುವ ದಾರಿ ಬೇರೆಯವರ ಅಂಗಳದ ಮೇಲೆ ಹಾಯಬಹುದು ಎಂಬುದನ್ನು ಮರೆಯುವಂತಿಲ್ಲ. ನೊಂದವರು ಎಂಬ ಕಾರಣಕ್ಕೇ ಯಾರೂ ನೋಯಿಸದವರಾಗುವುದಿಲ್ಲ.

ಹಾಗಾದರೆ ಪರಿಹಾರ ಯಾವುದು? ಮಿಲ್ಟನ್ ಕೀನ್ಸ್ ತಂಡವನ್ನು ಮುಚ್ಚಿಸುವುದು ಹೊಸದೊಂದು ಅನ್ಯಾಯ. ‘ಆದದ್ದು ಆಯಿತು, ಮರೆತುಬಿಡಿ’ ಎನ್ನುವುದು ಹಳೆಯ ಅನ್ಯಾಯವನ್ನೇ ಮತ್ತೊಮ್ಮೆ ಮಾಡಿದಂತೆ. ಈ ಎರಡರ ನಡುವಿನ ದಾರಿ 2006ರ ಒಪ್ಪಂದದಲ್ಲಿ ಕಾಣುತ್ತದೆ. ಅಭಿಮಾನಿ ಸಂಘಗಳ ಜೊತೆ ಮಾತುಕತೆ ನಡೆಸಿ, ಎಂಕೆ ಡಾನ್ಸ್ ತಂಡ 2004ಕ್ಕಿಂತ ಹಿಂದಿನ ಚರಿತ್ರೆ ತನ್ನದೆಂಬ ಹಕ್ಕನ್ನು ಬಿಟ್ಟುಕೊಟ್ಟಿತು. 1988ರ ಕಪ್ಪಿನ ಪ್ರತಿಕೃತಿಯೂ ಸೇರಿದಂತೆ ಹಳೆಯ ಟ್ರೋಫಿಗಳು 2007ರ ಆಗಸ್ಟ್‌ನಲ್ಲಿ ವಿಂಬಲ್ಡನ್ ಸೇರಿರುವ ಮರ್ಟನ್ ಸ್ಥಳೀಯಾಡಳಿತದ ವಶಕ್ಕೆ ಬಂದವು.

ಈ ಒಪ್ಪಂದ ಯಾರಿಗೂ ಪೂರ್ತಿ ಸಮಾಧಾನ ತರಲಿಲ್ಲ. ಲೀಗಿನ ಸ್ಥಾನ ಮರಳಲಿಲ್ಲ, ‘ಡಾನ್ಸ್’ ಹೆಸರು ಅಲ್ಲೇ ಉಳಿಯಿತು. ಆದರೆ ಸಾಗಿಸಿದರೂ ಅದು ಅದೇ ಕ್ಲಬ್ಬು ಎಂಬ ಆಡಳಿತದ ನಂಬಿಕೆಯನ್ನು ಅದು ಮುರಿಯಿತು. ‘ನಾವು ಬೇರೆ ಕ್ಲಬ್ಬು, ನಮ್ಮ ಚರಿತ್ರೆ 2004ರಿಂದ’ ಎಂದು ಒಪ್ಪಿದ ಮೇಲೆ ಆ ಹುಡುಗಿ ಯಾರ ನೆನಪನ್ನೂ ಕಿತ್ತುಕೊಳ್ಳದೆ ತನ್ನ ತಂಡವನ್ನು ಪ್ರೀತಿಸಬಹುದು. ಕಳೆದದ್ದನ್ನೆಲ್ಲ ಮರಳಿಸಲಾಗದ ಸಂದರ್ಭಗಳೇ ಲೋಕದಲ್ಲಿ ಹೆಚ್ಚು. ಅಂಥಲ್ಲಿ ನ್ಯಾಯದ ಮೊದಲ ಹೆಜ್ಜೆ ಯಾರ ಚರಿತ್ರೆ ಯಾರದು ಎಂದು ಸುಳ್ಳಿಲ್ಲದೆ ಹೇಳುವುದು ಎಂದು ನನಗನ್ನಿಸುತ್ತದೆ. ನೆನಪು ಮೊದಲಿನವರದು, ನಾಳೆ ಎರಡು ಊರಿನವರದೂ.

2012ರ ಡಿಸೆಂಬರ್ 2ರಂದು, ಎಫ್‌ಎ ಕಪ್ಪಿನ ಎರಡನೇ ಸುತ್ತಿನಲ್ಲಿ, ಎರಡೂ ತಂಡಗಳು ಮೊದಲ ಸಲ ಮುಖಾಮುಖಿಯಾದವು. ಮಿಲ್ಟನ್ ಕೀನ್ಸ್‌ಗೆ ಹೋಗಬೇಕೇ, ಹೋದರೆ ಅವರ ಅಸ್ತಿತ್ವವನ್ನು ಒಪ್ಪಿದಂತಾಗುವುದಿಲ್ಲವೇ ಎಂದು ವಿಂಬಲ್ಡನ್ನಿನ ಅಭಿಮಾನಿಗಳಲ್ಲಿ ಜಗಳವೇ ನಡೆಯಿತು. ಕೆಲವರು ಹೋಗಲಿಲ್ಲ, ಸಾವಿರಾರು ಜನ ಹೋದರು. 1-1ರ ಸಮಬಲದಲ್ಲಿದ್ದ ಆಟದ ಹೆಚ್ಚುವರಿ ನಿಮಿಷಗಳಲ್ಲಿ ಮಿಲ್ಟನ್ ಕೀನ್ಸ್‌ನ ಆಟಗಾರನೊಬ್ಬನ ಹಿಮ್ಮಡಿಗೆ ತಾಗಿದ ಚೆಂಡು ಗೋಲಿನೊಳಗೆ ಹೋಯಿತು. ವಿಂಬಲ್ಡನ್ 2-1ರಿಂದ ಸೋತಿತು. ಆಟ ಅಂದು ಯಾರಿಗೂ ನ್ಯಾಯ ಕೊಡಲಿಲ್ಲ. ಅದು ಆಟದ ಕೆಲಸವೂ ಅಲ್ಲ.