ಹಸಿವಿನ ಪಂಚಾಂಗ

ಮೇ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಅಮೆರಿಕದ ಬಡಾವಣೆಗಳಲ್ಲಿ ವಾಕಿಂಗ್ ಹೊರಟರೆ ಟಪಾಲು ಪೆಟ್ಟಿಗೆಗಳ ಬುಡದಲ್ಲಿ ಚೀಲಗಳು ಕಾಣುತ್ತವೆ. ಎಲ್ಲ ಮನೆಗಳ ಮುಂದೆ ಅಲ್ಲ, ಅಲ್ಲೊಂದು ಇಲ್ಲೊಂದು. ಬೇಯಿಸಿದ ಕಾಳಿನ ಡಬ್ಬಿ, ಪಾಸ್ತಾ ಪೊಟ್ಟಣ, ಪೀನಟ್ ಬಟರ್, ಒಂದು ಸಣ್ಣ ಅಕ್ಕಿ ಚೀಲ. ದಿನವೂ ಕಾಗದ ಹಾಕಿ ಹೋಗುವ ಪೋಸ್ಟ್‌ಮನ್ ಅಂದು ಕಾಗದ ಹಾಕಿ, ಚೀಲ ಎತ್ತಿಕೊಂಡು ಹೋಗುತ್ತಾರೆ. ಸಂಜೆಯ ಹೊತ್ತಿಗೆ ಅಂಚೆ ವ್ಯಾನಿನಲ್ಲಿ ಕಾಗದಪತ್ರಗಳಿಗೆ ಜಾಗವಿರುವುದಿಲ್ಲ. ಅಲ್ಲಿಯ ಅಂಚೆ ನೌಕರರ ಸಂಘ 1993ರಿಂದ ದೇಶದಾದ್ಯಂತ ಹೀಗೆ ಸಂಗ್ರಹ ಮಾಡುತ್ತ ಬಂದಿದೆ. ಈವರೆಗೆ ಕೂಡಿದ್ದು 180 ಕೋಟಿ ಪೌಂಡಿಗೂ ಮಿಕ್ಕಿದೆ. ನಮ್ಮ ಕಿಲೋ ಲೆಕ್ಕದಲ್ಲಿ 80 ಕೋಟಿಯ ಮೇಲೆ. ಅಷ್ಟೂ ಆಯಾ ಊರಿನ ಫುಡ್ ಬ್ಯಾಂಕಿಗೇ ಸಲ್ಲುತ್ತದೆ.

ನಾನಿರುವುದು ಡೆಟ್ರಾಯಿಟ್ ಆಸುಪಾಸಿನ ಒಂದು ಊರಿನಲ್ಲಿ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಬಗೆಹರಿಯದೆ ಇದ್ದದ್ದು ಆ ತಾರೀಖು. ಮೇ ತಿಂಗಳಲ್ಲಿ ಹಬ್ಬವೂ ಇಲ್ಲ, ಸುಗ್ಗಿಯೂ ಇಲ್ಲ. ಕೊಡಬೇಕು ಅಂತ ಮನಸ್ಸಿಗೆ ಹೊಳೆಯುವ ಕಾಲವೇ ಅಲ್ಲ. ಆಮೇಲೆ ಗೊತ್ತಾಯಿತು, ಅದಕ್ಕೇ ಅವರು ಮೇ ಹಿಡಿದಿದ್ದಾರೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್, ಡಿಸೆಂಬರಿನ ಕ್ರಿಸ್‌ಮಸ್ ಹೊತ್ತಿಗೆ ಬಂದು ಬಿದ್ದ ರಾಶಿ ವಸಂತ ಮುಗಿಯುವಷ್ಟರಲ್ಲಿ ತಳ ಕಾಣುತ್ತದೆ. ಜೂನ್‌ನಲ್ಲಿ ಶಾಲೆಗಳಿಗೆ ಬೀಗ ಬೀಳುತ್ತದೆ, ಮಕ್ಕಳಿಗೆ ಅಲ್ಲಿ ಸಿಗುತ್ತಿದ್ದ ಊಟವೂ ನಿಲ್ಲುತ್ತದೆ. ಅಂಚೆಯವರು ದಿನವೂ ಮನೆಮನೆಯ ಬಾಗಿಲಿಗೆ ಹೋಗುವವರು. ಯಾವ ಮನೆಯ ಹುಲ್ಲು ಬೆಳೆದು ನಿಂತಿದೆ, ಯಾವ ಮನೆಯ ಪೆಟ್ಟಿಗೆಯಲ್ಲಿ ಬ್ಯಾಂಕಿನ ನೋಟೀಸುಗಳು ಹೆಚ್ಚುತ್ತಿವೆ ಎನ್ನುವುದು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಈ ತಿಂಗಳನ್ನು ಆರಿಸಿದ ಮಂದಿ ಇಂಥವರು ಎಂಬುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಕೊಡುವವರಿಗೆ ಒಂದು ಪಂಚಾಂಗವಿದೆ, ಹಸಿದವರಿಗೆ ಇನ್ನೊಂದು. ಇವೆರಡೂ ಕೂಡಿ ಬರುವುದು ಅಪರೂಪ. ನಮ್ಮ ಕಡೆಯೂ ಅಷ್ಟೇ. ಅನ್ನದಾನ ಎಂದಕೂಡಲೇ ನಮಗೆ ನೆನಪಾಗುವುದು ಜಾತ್ರೆ, ರಥೋತ್ಸವ, ಆರಾಧನೆ, ಮನೆಯವರ ಹುಟ್ಟುಹಬ್ಬ, ಹಿರಿಯರ ತಿಥಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಉಡುಪಿಯ ಪರ್ಯಾಯಕ್ಕೆ ಊರೂರುಗಳಿಂದ ಹೊರೆಕಾಣಿಕೆ ಬರುವುದನ್ನು ಕಂಡವರಿಗೆ ಗೊತ್ತು: ಅಕ್ಕಿ, ತೆಂಗಿನಕಾಯಿ, ಬೆಲ್ಲ, ಕುಂಬಳ, ಸೌತೆ, ವಾಹನದ ಹಿಂದೆ ವಾಹನ. ಊರಿಗೆ ಊರೇ ಸೇರಿ ಒಂದು ಉಗ್ರಾಣ ತುಂಬುವ ಆ ಸಂಭ್ರಮ ಬಹಳ ದೊಡ್ಡದು. ಅದನ್ನು ಹಗುರಾಗಿ ಕಾಣುವ ಮನಸ್ಸು ನನಗಿಲ್ಲ. ಆದರೆ ಹಬ್ಬದ ದಿನ ಎಲೆ ಹಾಕಿಸಿಕೊಂಡವನಿಗೆ ಹಬ್ಬದ ಮರುವಾರವೂ ಹೊತ್ತುಹೊತ್ತಿಗೆ ಹಸಿವಾಗುತ್ತದೆ.

ಈ ಫುಡ್ ಬ್ಯಾಂಕ್ ಎಂಬ ಏರ್ಪಾಡು ಹುಟ್ಟಿದ್ದೂ ಹಬ್ಬದ ದಾನದಿಂದ ಅಲ್ಲ, ಕಸದ ತೊಟ್ಟಿಯ ಬದಿಯಿಂದ. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬ ನಿವೃತ್ತ ವ್ಯಾಪಾರಿ ಬಡವರಿಗೆ ಊಟ ಹಾಕುವ ಒಂದು ಅಡುಗೆಮನೆಯಲ್ಲಿ ಸ್ವಯಂಸೇವೆ ಮಾಡುತ್ತಿದ್ದರು. ಅಂಗಡಿಗಳ ಹಿಂದಿನ ತೊಟ್ಟಿಗಳಲ್ಲಿ ಹುಡುಕಿ ಮಕ್ಕಳಿಗೆ ತಿನ್ನಿಸುತ್ತಿದ್ದ ಒಬ್ಬ ತಾಯಿ ಅವರಿಗೆ ಎದುರಾದಳು. ದುಡ್ಡು ಇಟ್ಟು ತೆಗೆಯಲು ಬ್ಯಾಂಕ್ ಇರುವಂತೆ, ಎಸೆಯುವ ಆಹಾರವನ್ನು ಇಟ್ಟು ಬೇಕಾದವರು ಒಯ್ಯಲು ಒಂದು ಜಾಗ ಯಾಕಿರಬಾರದು ಎಂದು ಆಕೆ ಕೇಳಿದಳಂತೆ. 1967ರಲ್ಲಿ ಅಲ್ಲಿಯ ಚರ್ಚೊಂದು ಕೊಟ್ಟ ಪಾಳು ಕಟ್ಟಡದಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಮೊದಲ ವರ್ಷವೇ 2,75,000 ಪೌಂಡ್ ಆಹಾರ ಹಂಚಿದರು. ವ್ಯಾನ್ ಹೆಂಗಲ್ ಹೆಸರು ಇತಿಹಾಸದಲ್ಲಿ ಉಳಿಯಿತು. ಆ ತಾಯಿಯ ಹೆಸರು ಈ ಕಥೆಯನ್ನು ಹೇಳುವ ಯಾರ ಬಾಯಲ್ಲೂ ಬರುವುದಿಲ್ಲ.

ಈಗ ಅಮೆರಿಕದಲ್ಲಿ ಇಂಥ ಸುಮಾರು ಇನ್ನೂರು ದೊಡ್ಡ ಫುಡ್ ಬ್ಯಾಂಕುಗಳಿವೆ. ಬ್ಯಾಂಕ್ ಎಂದರೆ ಗೋದಾಮು. ಅಲ್ಲಿಂದ ಚರ್ಚುಗಳ ನೆಲಮಾಳಿಗೆಗಳಲ್ಲಿ, ಶಾಲೆಗಳ ಪಕ್ಕದ ಕೋಣೆಗಳಲ್ಲಿ ನಡೆಯುವ ಪ್ಯಾಂಟ್ರಿಗಳಿಗೆ ಸಾಮಾನು ಹೋಗುತ್ತದೆ. ಜನ ಬಂದು ಒಯ್ಯುವುದು ಅಲ್ಲಿಂದ. ಡೆಟ್ರಾಯಿಟ್‌ನಲ್ಲಿ ಗ್ಲೀನರ್ಸ್ ಎಂಬ ಸಂಸ್ಥೆ 1977ರಿಂದ ಈ ಕೆಲಸ ಮಾಡುತ್ತಿದೆ. ಕಾರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತ ಹೋದ ಊರಿದು. ನಿನ್ನೆ ಡಬ್ಬಿ ಕೊಟ್ಟವರು ಇಂದು ಸಾಲಿನಲ್ಲಿ ನಿಂತದ್ದನ್ನು ಹಳಬರು ನೋಡಿದ್ದಾರೆ.

ಇನ್ನು ಶಾಲೆಗಳ ವಿಷಯ. ನವೆಂಬರ್ ಬಂತೆಂದರೆ ಪ್ರತಿ ತರಗತಿಯ ಮೂಲೆಯಲ್ಲೂ ಒಂದು ರಟ್ಟಿನ ಪೆಟ್ಟಿಗೆ. ಮಕ್ಕಳು ಮನೆಯಿಂದ ಡಬ್ಬಿ ತಂದು ಹಾಕಬೇಕು. ಯಾವ ತರಗತಿಯದು ಹೆಚ್ಚಾಯಿತೋ ಅವರಿಗೆ ಪಿಜ್ಜಾ. ಈ ಪಿಜ್ಜಾ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಶಾಲೆ ಎಂಬುದು ಕೊಡುವವರ ಮನೆಯ ಮಗುವೂ ಪಡೆಯುವವರ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಕೂರುವ ಜಾಗ. ಒಂದು ಮಗು ಹನ್ನೆರಡು ಡಬ್ಬಿ ತಂದು ಗೋಡೆಯ ಪಟ್ಟಿಯಲ್ಲಿ ಹನ್ನೆರಡು ನಕ್ಷತ್ರ ಅಂಟಿಸಿಕೊಂಡಾಗ, ಪಕ್ಕದ ಮಗು ಏನು ಮಾಡಬೇಕು? ಬರಿಗೈಯಲ್ಲಿ ಬರಲು ಅದಕ್ಕೆ ನಾಚಿಕೆ. ಮನೆಯ ಕಪಾಟಿನಲ್ಲಿ ಇರುವುದೇ ಪ್ಯಾಂಟ್ರಿಯಿಂದ ಬಂದ ಡಬ್ಬಿ. ಅದನ್ನೇ ತಂದು ಪೆಟ್ಟಿಗೆಗೆ ಹಾಕಿದರೆ ಅಮ್ಮನಿಗೆ ಏನೆಂದು ಹೇಳುವುದು? ಎಣಿಕೆಯಿಲ್ಲದೆ, ಪಟ್ಟಿಯಿಲ್ಲದೆ, ಬಾಗಿಲ ಹೊರಗೆ ಒಂದು ಪೆಟ್ಟಿಗೆ ಇಟ್ಟು ಸುಮ್ಮನಿರುವ ಟೀಚರುಗಳೂ ಇದ್ದಾರೆ. ಅವರ ಪೆಟ್ಟಿಗೆ ಬೇಗ ತುಂಬದೇ ಇರಬಹುದು, ಯಾವ ಮಗುವಿನ ಲೆಕ್ಕವನ್ನೂ ಅದು ಕೇಳುವುದಿಲ್ಲ.

ಹೀಗೆ ಕೂಡಿದ್ದನ್ನು ವಿಂಗಡಿಸಲು ಕೈಗಳು ಬೇಕು. ಜನವರಿಯ ಶನಿವಾರಗಳಲ್ಲಿ ನಮ್ಮ ಕನ್ನಡದ ಕೆಲವು ಮನೆಗಳವರು ಮಕ್ಕಳನ್ನು ಕರೆದುಕೊಂಡು ಗೋದಾಮಿಗೆ ಹೋಗುತ್ತೇವೆ. ಉದ್ದನೆಯ ಮೇಜು, ಮೇಲೆ ಕೊರೆಯುವ ಬೆಳಕು, ಕೈಗೆ ಗ್ಲೌಸು. ಒಂದೊಂದು ಡಬ್ಬಿಯನ್ನೂ ಕೈಯಲ್ಲಿ ತಿರುಗಿಸಿ ನೋಡಬೇಕು. ಹೊಟ್ಟೆಯ ಮೇಲೆ ತಗ್ಗು ಬಿದ್ದಿದ್ದರೆ ಚಿಂತೆಯಿಲ್ಲ. ಅಂಚಿನ ಬೆಸುಗೆಯ ಮೇಲೆ ಬಿದ್ದಿದ್ದರೆ ಪಕ್ಕಕ್ಕೆ. ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದಾಗ ಕಟಕ್ಕೆಂದು ಒಳಗೆ ಹೋಗಿ ಮತ್ತೆ ಎದ್ದರೆ ಅದೂ ಪಕ್ಕಕ್ಕೆ. ಗಾಜಿನ ಬಾಟಲಿ ಬೇಡ, ಒಡೆದರೆ ಪೆಟ್ಟಿಗೆಯೇ ಹಾಳು. ತಾರೀಖು ದಾಟಿದ್ದೆಲ್ಲ ಕೆಟ್ಟದ್ದಲ್ಲ ಎಂದು ಅಲ್ಲಿಯವರೇ ಕಲಿಸುತ್ತಾರೆ. ಇಲ್ಲಿ ಡಬ್ಬಿಗಳ ಮೇಲೆ ಬರೆದ ತಾರೀಖು ಬಹುಪಾಲು ರುಚಿಯ ಲೆಕ್ಕದ್ದು. ಎಳೆ ಮಕ್ಕಳ ಹಾಲಿನ ಪುಡಿ ಮಾತ್ರ ಒಂದು ದಿನ ದಾಟಿದರೂ ಬೇಡ. ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಮೊಕದ್ದಮೆ ಬೀಳದಂತೆ 1996ರಲ್ಲಿ ಒಂದು ಕಾನೂನೂ ಆಗಿದೆ. ಅದಕ್ಕೇ ಅಂಗಡಿಯವರು ಈಗ ಮೊದಲಿನಷ್ಟು ಹೆದರುವುದಿಲ್ಲ.

ಆ ಮೇಜಿನ ಮೇಲೆ ಬರುವ ಸಾಮಾನು ನೋಡಬೇಕು. ಹಬ್ಬದಲ್ಲಿ ಉಳಿದ ಕ್ರ್ಯಾನ್‌ಬೆರಿ ಸಾಸು, ಕುಂಬಳದ ಪೇಸ್ಟು, ಯಾವ ಅಡುಗೆಗೋ ತಂದು ಮರೆತುಬಿಟ್ಟ ಆರ್ಟಿಚೋಕ್, ಬೀಟ್‌ರೂಟ್ ಉಪ್ಪಿನಕಾಯಿ. ನಮ್ಮ ಜೊತೆ ಬಂದ ಹುಡುಗನೊಬ್ಬ ಬೀಟ್‌ರೂಟಿನ ಡಬ್ಬಿ ಎತ್ತಿ ಹಿಡಿದು ಹೇಳಿದ: ‘ಆಂಟಿ, ಇದನ್ನ ನಮ್ಮನೇಲೂ ಯಾರೂ ತಿನ್ನಲ್ಲ. ಅದಕ್ಕೇ ಅಮ್ಮ ಶಾಲೆಗೆ ಕೊಟ್ಟು ಕಳಿಸಿದ್ದು.’ ಅವನ ಅಮ್ಮ ಎರಡು ಮೇಜು ಆಚೆ ಇದ್ದಳು. ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ.

ಹುಡುಗ ತಪ್ಪೇನೂ ಹೇಳಿರಲಿಲ್ಲ. ನಾವೆಲ್ಲ ಕೊಡುವುದು ಕಪಾಟಿನ ಹಿಂದಿನ ಸಾಲಿನಿಂದಲೇ. ಅಷ್ಟಕ್ಕೂ ಗೋದಾಮಿನವರನ್ನು ಕೇಳಿದರೆ ಈ ಮನೆಮನೆಯ ಡಬ್ಬಿಗಳು ಅವರ ಒಟ್ಟು ಆಹಾರದಲ್ಲಿ ಸಣ್ಣ ಪಾಲು. ಹೆಚ್ಚಿನದು ದೊಡ್ಡ ಅಂಗಡಿಗಳಿಂದ, ರೈತರಿಂದ, ಸರಕಾರದಿಂದ ಬರುತ್ತದೆ. ಉಳಿದದ್ದನ್ನು ಸಗಟು ದರದಲ್ಲಿ ಕೊಳ್ಳುತ್ತಾರೆ. ಡಬ್ಬಿಗೆ ಹಾಕುವ ದುಡ್ಡನ್ನೇ ಕೊಟ್ಟರೆ ಇನ್ನೂ ಹೆಚ್ಚು ಬರುತ್ತದೆ ಎನ್ನುವುದು ಅವರ ಮಾತು. ಲೆಕ್ಕ ಸರಿಯೇ. ಆದರೂ ಈ ಡಬ್ಬಿ ನಿಂತುಹೋಗಲಿ ಎಂದು ನನಗೆ ಅನ್ನಿಸಿಲ್ಲ. ಏಳು ವರ್ಷದ ಮಗು ಚೆಕ್ ಬರೆಯುವುದಿಲ್ಲ. ಬೆನ್ನಿನ ಚೀಲದಲ್ಲಿ ಒಂದು ಡಬ್ಬಿಯ ಭಾರ ಹೊತ್ತುಕೊಂಡು ಹೋಗುತ್ತದೆ, ದಾರಿಯಲ್ಲಿ ‘ಇದು ಯಾರಿಗೆ?’ ಎಂದು ಕೇಳುತ್ತದೆ. ಆ ಪ್ರಶ್ನೆಗೆ ನಾವು ಏನು ಉತ್ತರ ಕೊಡುತ್ತೇವೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ. ‘ಬಡವರಿಗೆ’ ಎನ್ನುವುದು ಸುಲಭದ ಉತ್ತರ. ‘ನಿನ್ನ ಶಾಲೆಯಲ್ಲೇ ಯಾರಿಗಾದರೂ ಇರಬಹುದು, ಯಾರು ಅಂತ ಕೇಳಬಾರದು’ ಎನ್ನುವುದು ಸ್ವಲ್ಪ ಕಷ್ಟದ್ದು.

ಶಾಲೆಯ ಹಸಿವನ್ನು ಹೀಗೆ ಹತ್ತಿರದಿಂದ ಕಂಡವಳು ಅರ್ಕಾನ್ಸಾಸ್ ರಾಜ್ಯದ ಒಬ್ಬ ಶಾಲಾ ನರ್ಸ್. ಹೊಟ್ಟೆನೋವು, ತಲೆಸುತ್ತು ಎಂದು ಮಕ್ಕಳು ಅವಳ ಕೋಣೆಗೆ ಬರುತ್ತಿದ್ದರು. ಜ್ವರವಿಲ್ಲ, ಸೋಂಕಿಲ್ಲ. ಕಾಯಿಲೆಯ ಹೆಸರು ಹಸಿವು. ಅವಳು ಅಲ್ಲಿಯ ಫುಡ್ ಬ್ಯಾಂಕಿನವರ ಸಹಾಯ ಕೇಳಿದಳು. 1990ರ ದಶಕದ ನಡುವಿನಲ್ಲಿ ಹೀಗೆ ಹುಟ್ಟಿದ ಏರ್ಪಾಡು ಈಗ ದೇಶದ ತುಂಬ ಇದೆ. ಶುಕ್ರವಾರ ಮಧ್ಯಾಹ್ನ ಮಗುವಿನ ಶಾಲಾ ಚೀಲದೊಳಗೆ ಶನಿವಾರ, ಭಾನುವಾರಕ್ಕಾಗುವಷ್ಟು ಆಹಾರದ ಒಂದು ಪೊಟ್ಟಣ. ಹೊರಗಿನಿಂದ ನೋಡಿದರೆ ಎಲ್ಲರ ಚೀಲವೂ ಪುಸ್ತಕದ ಚೀಲವೇ. ದಾನದ ಬಗ್ಗೆ ನಾನು ಕೇಳಿದ ಉಪನ್ಯಾಸಗಳಲ್ಲೆಲ್ಲ ಇಲ್ಲದ ಸೂಕ್ಷ್ಮ ಆ ಚೀಲದ ಜಿಪ್ಪಿನಲ್ಲಿದೆ.

ಎರಡು ದಿನದ ರಜೆಗೇ ಇಷ್ಟು ಯೋಚನೆ ಬೇಕಾದರೆ ಎರಡೂವರೆ ತಿಂಗಳ ಬೇಸಿಗೆ ರಜೆಗೆ? ನಾನಿರುವ ಮಿಶಿಗನ್ ರಾಜ್ಯದ ಸರಕಾರಿ ಶಾಲೆಗಳಲ್ಲಿ 2023ರಿಂದ ಮಕ್ಕಳಿಗೆಲ್ಲ ಬೆಳಗಿನ ತಿಂಡಿಯೂ ಮಧ್ಯಾಹ್ನದ ಊಟವೂ ಉಚಿತ. ಜೂನ್ ಮಧ್ಯದಲ್ಲಿ ಶಾಲೆ ಮುಚ್ಚಿದಾಗ ಆ ಎರಡು ಹೊತ್ತೂ ಮನೆಯ ಲೆಕ್ಕಕ್ಕೆ ಬರುತ್ತದೆ. ಮೂರು ಮಕ್ಕಳಿದ್ದರೆ ದಿನಕ್ಕೆ ಆರು ಊಟ. ಸಂಬಳ ಮಾತ್ರ ಮೇ ತಿಂಗಳದ್ದೇ. ಬೇಸಿಗೆಗೆಂದು ಒಂದು ಮಗುವಿಗೆ 120 ಡಾಲರ್ ಕೊಡುವ ಕೇಂದ್ರ ಸರಕಾರದ ಯೋಜನೆ 2024ರಲ್ಲಿ ಬಂತು. ಹತ್ತಕ್ಕೂ ಹೆಚ್ಚು ರಾಜ್ಯಗಳು ಮೊದಲ ವರ್ಷ ಅದಕ್ಕೆ ಸೇರಲೇ ಇಲ್ಲ. ಪಾರ್ಕು, ಲೈಬ್ರರಿಗಳಲ್ಲಿ ಮಕ್ಕಳಿಗೆ ಮಧ್ಯಾಹ್ನ ಊಟ ಕೊಡುತ್ತಾರೆ. ಹೆಸರು ಬರೆಸಬೇಕಿಲ್ಲ, ಬಂದು ಕೂತರಾಯಿತು. ಆದರೆ ಅದು ಹದಿನೆಂಟು ವರ್ಷದವರೆಗಿನವರಿಗೆ. ಮಗುವನ್ನು ಕರೆದುಕೊಂಡು ಬಂದ ತಾಯಿಗೆ ಅದರಲ್ಲಿ ತುತ್ತಿಲ್ಲ. ಮಗು ಅರ್ಧ ಬಿಟ್ಟರೂ ಅವಳು ತಿನ್ನುವಂತಿಲ್ಲ.

ಇದನ್ನೆಲ್ಲ ನೋಡುವಾಗ ನನಗೆ ನಮ್ಮ ಊರಿನ ಬೇಸಿಗೆ ನೆನಪಾಗುತ್ತದೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ ಶಾಲೆಯ ಒಲೆ ಆರಿರುತ್ತದೆ. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳೂ ಅವೇ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು ಹೇಳಿದ ಮೇಲೆ ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಅದೇ ಕೋರ್ಟು 2004ರ ಏಪ್ರಿಲ್‌ನಲ್ಲಿ ಇನ್ನೊಂದು ಮಾತು ಸೇರಿಸಿತು: ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು. 2023ರಲ್ಲಿ ನಮ್ಮ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಮುಂದಿನ ಬೇಸಿಗೆಯಲ್ಲಿ ಆ ತಾಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟದ ಏರ್ಪಾಡಾಯಿತು. ಮಳೆ ಬಂದ ವರ್ಷ ಆ ಒಲೆ ಉರಿಯುವುದಿಲ್ಲ. ಆದರೆ ಮಳೆ ಬಂದ ವರ್ಷವೂ ಏಪ್ರಿಲ್ ಏಪ್ರಿಲ್ಲೇ. ಶಾಲೆಗೆ ಸಿಹಿಯೂಟ ಹಾಕಿಸಬೇಕೆಂದು ಹುಟ್ಟುಹಬ್ಬದ ದಿನ ಮೇಷ್ಟರಿಗೆ ಫೋನು ಮಾಡುವ ಊರಿನ ದೊಡ್ಡವರು ಬೇಸಿಗೆಯ ಒಂದು ವಾರವನ್ನು ಹಿಡಿದರೆ ಹೇಗೆ ಎಂದು ಯಾರಾದರೂ ಅವರನ್ನು ಕೇಳಿದ್ದಾರೋ ಇಲ್ಲವೋ.

ಇಲ್ಲಿ ಕೆಲವು ಶಾಲೆಗಳು ಈಗ ನವೆಂಬರಿನ ಪೆಟ್ಟಿಗೆಯನ್ನು ಶಾಲಾ ವರ್ಷದ ಕೊನೆಯ ವಾರಕ್ಕೂ ಇಡುತ್ತಿವೆ. ಹಾಡಿಲ್ಲ, ಬಣ್ಣದ ಕಾಗದವಿಲ್ಲ, ಪಿಜ್ಜಾ ಅಂತೂ ಇಲ್ಲವೇ ಇಲ್ಲ. ಪೆಟ್ಟಿಗೆಗಳು ನವೆಂಬರಿನಷ್ಟು ತುಂಬುವುದೂ ಇಲ್ಲ. ಪ್ಯಾಂಟ್ರಿಯವರು ಬೇಸಿಗೆಗೆಂದು ಕೊಡುವ ಪಟ್ಟಿಯೂ ಬೇರೆ. ಒಲೆ ಹಚ್ಚಬೇಕಾದದ್ದು, ನೀರು ಕುದಿಸಬೇಕಾದದ್ದು ಆದಷ್ಟು ಬೇಡ. ಸೀರಿಯಲ್, ಫ್ರಿಜ್ಜಿನ ಹೊರಗೆ ಕೆಡದ ಹಾಲು, ಪೀನಟ್ ಬಟರ್, ಹಣ್ಣಿನ ಸಣ್ಣ ಕಪ್ಪುಗಳು. ಡಬ್ಬಿ ಕೊಡುವುದಾದರೆ ಓಪನರ್ ಬೇಕಾಗದ್ದು, ಮೇಲಿನ ಉಂಗುರಕ್ಕೆ ಬೆರಳು ಹಾಕಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು ಕೊಡಿ ಎಂದು ಕೇಳುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಅಮ್ಮ ಕೆಲಸದಲ್ಲಿರುತ್ತಾಳೆ, ಮನೆಯಲ್ಲಿ ಅಕ್ಕ ಎಂದರೆ ಒಂಬತ್ತು ವರ್ಷದವಳು.