ವ್ಯಕ್ತಿಯೂ ಅಧಿಕಾರವೂ

ಮನುಷ್ಯನೊಬ್ಬನೇ ಆದರೂ ಲೋಕವು ಅವನನ್ನು ಹಲವು ಹೆಸರುಗಳಿಂದ ಕರೆಯುವದು. ಹಳಿಯಾಳದ ಪೇಟೆಗೆ ಬತ್ತವನ್ನು ತರುವ ರೈತನು ಅಂಗಡಿಕಾರನಿಗೆ ಮಾರುವವನು. ಅದೇ ದಿನ ಅಲ್ಲಿಯೇ ಅರಿವೆ ಕೊಂಡರೆ ಗಿರಾಕಿ. ಸಹಕಾರಿ ಸಂಘದಲ್ಲಿ ಸದಸ್ಯನು, ಸಾಲಗಾರನು, ಒಮ್ಮೊಮ್ಮೆ ನಿರ್ದೇಶಕನು. ಈಗ ಗಣಕಯಂತ್ರದಲ್ಲಿ ಲೆಕ್ಕವನ್ನಿಡುವವರಿಗೂ ಇದೇ ತೊಡಕು: ಇವನನ್ನು ಒಮ್ಮೆ ಬರೆಯಬೇಕೆ, ನಾಲ್ಕು ಸಲ ಬರೆಯಬೇಕೆ? ಪ್ರಶ್ನೆಯು ಕರಣಿಕನದೆಂದು ತೋರಿದರೂ ಅದರ ಬೇರು ಧರ್ಮವಿಚಾರದಲ್ಲಿದೆ.

ಪಾಣಿನಿಯ ವ್ಯಾಕರಣವು ಇದಕ್ಕೊಂದು ದಾರಿಯನ್ನು ತೋರಿಸುವದು. 'ದೇವದತ್ತ' ಎಂಬ ಪ್ರಾತಿಪದಿಕವು ಒಂದೇ. ಆತನು ಕೊಟ್ಟರೆ ಕರ್ತೃ. ಆತನಿಗೆ ಕೊಟ್ಟರೆ ಸಂಪ್ರದಾನ. ಆತನಿಂದ ವಸ್ತುವು ಅಗಲಿದರೆ ಅಪಾದಾನ. ಕಾರಕತ್ವವು ದೇವದತ್ತನ ಒಡಲಿಗೆ ಅಂಟಿದ ಗುಣವಲ್ಲ; ಕ್ರಿಯೆಯೊಡನೆ ಅವನಿಗಿರುವ ಸಂಬಂಧ. ಕ್ರಿಯೆಯು ಮುಗಿಯಲು ಸಂಬಂಧವೂ ಮುಗಿಯುವದು, ದೇವದತ್ತನು ಉಳಿಯುವನು. ಆದುದರಿಂದ ಮನುಷ್ಯನನ್ನು ಒಂದೇ ಸಲ ಬರೆದು, ಅವನ ಸಂಬಂಧಗಳನ್ನು ಆರಂಭ ಅಂತ್ಯಗಳ ತಾರೀಖುಗಳೊಡನೆ ಬೇರೆಯಾಗಿ ಬರೆಯುವದೇ ಯುಕ್ತ. ಸಂಸ್ಥೆಗಳಿಗೂ ಇದು ಸಲ್ಲುವದು: ೧೯೫೫ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಾರಖಾನೆಯು ಕಟ್ಟಿಗೆಯನ್ನು ಕೊಳ್ಳುವಾಗ ಗಿರಾಕಿ, ಕಾಗದವನ್ನು ಮಾರುವಾಗ ವ್ಯಾಪಾರಿ, ದುಡಿಯುವವರಿಗೆ ಧಣಿ.

ಇದನ್ನು ಮರೆತರೆ ಎರಡು ಬಗೆಯ ಅನ್ಯಾಯ. ಒಬ್ಬನನ್ನೇ ಹಲವರೆಂಬಂತೆ ಬರೆದರೆ, ಒಂದು ವಹಿಯಲ್ಲಿ ಸತ್ತವನು ಇನ್ನೊಂದರಲ್ಲಿ ಬದುಕಿರುವನು. ಸಾಲವನ್ನು ಮಂಜೂರು ಮಾಡಿದ ನಿರ್ದೇಶಕನೇ ಸಾಲಗಾರನೆಂಬುದು ಯಾರ ಕಣ್ಣಿಗೂ ಬೀಳದು. ಎಲ್ಲವನ್ನೂ ಬೆರೆಸಿ ಬರೆದರೆ, ಒಂದು ಪಾತ್ರದ ಅಧಿಕಾರವು ಇನ್ನೊಂದಕ್ಕೆ ಹರಿಯುವದು.

ಜೋಯಿಡಾ, ಮುಂಡಗೋಡಗಳ ಕಾಡಂಚಿನ ಹಳ್ಳಿಗಳಲ್ಲಿ ಈ ವಿಚಾರವು ಅನ್ನದ ಪ್ರಶ್ನೆಯೇ ಆಗಿದೆ. ೨೦೦೬ರ ಅರಣ್ಯ ಹಕ್ಕು ಕಾಯದೆಯಂತೆ ಗ್ರಾಮಸಭೆಯು ಸಮಿತಿಯೊಂದನ್ನು ಆರಿಸುವದು. ಸಾಗುವಳಿಯ ಹಕ್ಕನ್ನು ಕೇಳುವವರ ಅರ್ಜಿಗಳನ್ನು ಆ ಸಮಿತಿಯು ಪರಿಶೀಲಿಸುವದು. ಸಮಿತಿಯವರೂ ಅದೇ ಊರವರು. ಅವರಿಗೂ ಗದ್ದೆಯುಂಟು, ಅರ್ಜಿಯುಂಟು. ೨೦೦೮ರ ನಿಯಮಗಳು ಅಂಥವನನ್ನು ಸಮಿತಿಯಿಂದ ಹೊರಹಾಕಲಿಲ್ಲ; ಅರ್ಜಿದಾರನಾಗದಂತೆ ತಡೆಯಲೂ ಇಲ್ಲ. ತಾನು ಅರ್ಜಿದಾರನೆಂದು ಸಮಿತಿಗೆ ತಿಳಿಸಬೇಕು, ತನ್ನ ಅರ್ಜಿಯ ಪರಿಶೀಲನೆಯಲ್ಲಿ ಭಾಗವಹಿಸಬಾರದು ಎಂದಷ್ಟೇ ವಿಧಿಸಿದವು. ವ್ಯಕ್ತಿಯ ಏಕತೆಯನ್ನೂ ಅಧಿಕಾರಗಳ ಭೇದವನ್ನೂ ಒಮ್ಮೆಗೇ ಒಪ್ಪಿದ ವಿವೇಕವಿದು.

'ಅಧಿಕಾರಿಯಾಗಿ ಮಾಡಿದೆನು, ಮನುಷ್ಯನಾಗಿ ಅಲ್ಲ' ಎಂದು ನುಣುಚಿಕೊಳ್ಳುವವರುಂಟು. ಇದು ಸಲ್ಲದು. ಪಾತ್ರವು ಅಧಿಕಾರಕ್ಕೆ ಎಲ್ಲೆಯನ್ನು ಹಾಕಬಲ್ಲದು, ಹೊಣೆಗೆ ಹಾಕಲಾರದು. ಹುದ್ದೆಗೆ ಅಂತ್ಯದ ತಾರೀಖನ್ನು ವಹಿಯಲ್ಲಿ ಬರೆಯಬಹುದು. ಆ ಹುದ್ದೆಯಲ್ಲಿ ಮಾಡಿದುದಕ್ಕೆ, ಕ್ರಿಯೆಯು ಮುಗಿದ ಮೇಲೂ ಉಳಿದಿರುವ ದೇವದತ್ತನೇ ಉತ್ತರವಾದಿಯು.