ಅನ್ನ ಅಲ್ಲಾಹನದು, ಹೊಣೆ ಯಾರದು?

ಹೆಬ್ಬಾಳದ ಮೇಲ್ಸೇತುವೆ ದಾಟಿ ಮಾನ್ಯತಾ ಟೆಕ್ ಪಾರ್ಕಿನತ್ತ ಸಾಗುವ ಕಂಪೆನಿ ವಾಹನಗಳಲ್ಲಿ ಆರ್.ಟಿ. ನಗರದ ನಮ್ಮ ಮನೆಗಳ ಮಕ್ಕಳೂ ಇರುತ್ತಾರೆ. ದೂರದೇಶದ ಗಿರಾಕಿಗಳ ಲೆಕ್ಕಪತ್ರ, ದೂರುಗಳನ್ನು ಅವರು ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ಹಿಂದೆ ಈ ಕೆಲಸ ಮಾಡುತ್ತಿದ್ದವರು ಏನಾದರೆಂದು ನಾವು ಎಂದಾದರೂ ಕೇಳಿದ್ದೇವೆಯೇ?

2003ರ ಅಕ್ಟೋಬರಿನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಬ್ರಿಟನ್ನಿನಲ್ಲಿದ್ದ 4,000 ಉದ್ಯೋಗಗಳನ್ನು ಭಾರತ, ಚೀನಾ, ಮಲೇಶ್ಯಗಳಿಗೆ ಸಾಗಿಸುವುದಾಗಿ ಪ್ರಕಟಿಸಿತು. ಹೀಗೆ ಕೆಲಸ ಕಳೆದುಕೊಂಡವನನ್ನು ‘ಬ್ಯಾಂಗಲೋರ್ಡ್’ ಎನ್ನುವ ರೂಢಿ ಅಮೆರಿಕದಲ್ಲಿ ಬಂದದ್ದೂ ಆ ವರ್ಷಗಳಲ್ಲೇ. ನಮ್ಮ ಊರಿನ ಹೆಸರು ಇನ್ನೊಬ್ಬರ ಮನೆಯ ಸಂಕಟದ ಹೆಸರಾಯಿತು. ಆದರೆ ಗಾಳಿ ಒಂದೇ ದಿಕ್ಕಿಗೆ ಬೀಸದು. 2010ರ ಸುಮಾರಿಗೆ ಫೋನ್ ಸೇವೆಯ ಕೆಲಸದಲ್ಲಿ ಫಿಲಿಪ್ಪೀನ್ಸ್ ಭಾರತವನ್ನೂ ಮೀರಿಸಿತು. ಲಾಭವನ್ನು ಅರಸಿ ಬಂದದ್ದು ಲಾಭವನ್ನು ಅರಸಿಯೇ ಹೊರಟುಹೋಗುತ್ತದೆ.

ಹಾಗಾದರೆ ಇಂತಹ ಉದ್ಯೋಗ ಸ್ವೀಕರಿಸುವುದು ತಪ್ಪೇ? ಅಲ್ಲ. ಪ್ರಾಮಾಣಿಕವಾಗಿ ದುಡಿಯುವ ಯುವಕ ಯಾರ ಅನ್ನವನ್ನೂ ಕಸಿದಿಲ್ಲ; ಸ್ಥಳಾಂತರದ ತೀರ್ಮಾನ ಅವನದ್ದಲ್ಲ. ವ್ಯಾಪಾರ ಎಲ್ಲಿ ನಡೆಸಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಮಾಲಿಕನಿಗೂ ಇದೆ. ಪ್ರಶ್ನೆಯಿರುವುದು ಅವನು ಬಿಟ್ಟುಹೋಗುವ ರೀತಿಯಲ್ಲಿ.

ಅನ್ನ ಕೊಡುವವನು ಅಲ್ಲಾಹನೆಂದು ನಾವೆಲ್ಲ ನಂಬುತ್ತೇವೆ. ಕೆಲಸ ಕಳೆದುಕೊಂಡವನು ಈ ಮಾತು ಹೇಳಿದರೆ ಅದು ಸಹನೆ. ಕೆಲಸದಿಂದ ತೆಗೆದವನು ಹೇಳಿದರೆ ಹೊಣೆಯಿಂದ ಜಾರಿಕೊಳ್ಳುವ ನೆಪ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಅನ್ನದಾತನಾದ ಅಲ್ಲಾಹನೇ ಕೂಲಿಯ ಲೆಕ್ಕ ಕೇಳುತ್ತಾನೆ ಎಂಬುದನ್ನು ಮರೆಯಬಾರದು.

ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ವರ್ಷ ತುಂಬಿದ ಕಾರ್ಮಿಕನನ್ನು ತೆಗೆಯುವಾಗ ಒಂದು ತಿಂಗಳ ನೋಟೀಸು, ಪ್ರತಿ ವರ್ಷದ ಸೇವೆಗೆ 15 ದಿನಗಳ ಸಂಬಳ ಎಂದು ವಿಧಿಸಿತ್ತು. ಇದು ಕಾನೂನಿನ ಅಳತೆ. ಸತ್ಯವಿಶ್ವಾಸಿಯ ಅಳತೆ ಇಷ್ಟಕ್ಕೇ ನಿಲ್ಲದು. ನಿಜವನ್ನು ಮೊದಲೇ ತಿಳಿಸುವುದು, ಬಾಕಿಯನ್ನು ಅಲೆದಾಡಿಸದೆ ಕೊಡುವುದು, ಬೇರೆಡೆ ಕೆಲಸಕ್ಕೆ ಒಂದು ಮಾತು ಹೇಳುವುದು ಇವೂ ಅವನ ಕರ್ತವ್ಯಗಳೇ.

ದೊಡ್ಡ ಕಂಪೆನಿಗಳತ್ತ ಬೆರಳು ತೋರಿಸಿ ಸುಮ್ಮನಾಗದಿರೋಣ. ಯಶವಂತಪುರದ ಮಂಡಿಯಲ್ಲಿ, ಯಲಹಂಕದ ಗ್ಯಾರೇಜಿನಲ್ಲಿ ಇಬ್ಬರನ್ನು ದುಡಿಸುವವನೂ ಮಾಲಿಕನೇ. ನೆರೆಮನೆಯ ಹುಡುಗ ಕೆಲಸ ಕಳೆದುಕೊಂಡಾಗ “ಇನ್ನೂ ಸಿಗಲಿಲ್ಲವೇ?” ಎಂದು ಚುಚ್ಚುವ ಬದಲು ಅವನ ಮನೆಯ ಬಾಡಿಗೆಯ ಬಗ್ಗೆ ವಿಚಾರಿಸೋಣ. ಅಲ್ಲಾಹನು ತನ್ನ ಅನ್ನವನ್ನು ಮನುಷ್ಯರ ಕೈಗಳ ಮೂಲಕವೇ ತಲುಪಿಸುತ್ತಾನೆ. ಆ ಕೈ ನಮ್ಮದಾಗಲಿ.